ಇಡಿಗಂಟು ಮಾರಾಟ (ಸ್ಲಂಪ್ ಸೇಲ್) ಮತ್ತು ಆದಾಯ ತೆರಿಗೆ

ಕಂಪನಿಯೊಂದು ತನ್ನ ಕಾರ್ಖಾನೆಯನ್ನೋ ವಿಭಾಗವನ್ನೋ ಎರಡು ಬಗೆಯಲ್ಲಿ ಮಾರಬಹುದು. ಜಾಗಕ್ಕೆ ಇಷ್ಟು, ಯಂತ್ರಕ್ಕೆ ಇಷ್ಟು, ದಾಸ್ತಾನಿಗೆ ಇಷ್ಟು ಎಂದು ಬಿಡಿಬಿಡಿಯಾಗಿ ಬೆಲೆ ಕಟ್ಟುವುದು ಒಂದು ಬಗೆ. ಆಸ್ತಿ, ಸಾಲ, ನೌಕರರು, ಗುತ್ತಿಗೆಗಳು ಎಲ್ಲವನ್ನೂ ಒಟ್ಟಾಗಿ ಒಂದೇ ಮೊತ್ತಕ್ಕೆ ಬಿಟ್ಟುಕೊಡುವುದು ಇನ್ನೊಂದು. ಎರಡನೆಯದೇ ಸ್ಲಂಪ್ ಸೇಲ್. ಕೈಗೆ ಬರುವ ಹಣ ಎರಡರಲ್ಲೂ ಒಂದೇ ಇರಬಹುದು, ತೆರಿಗೆ ಮಾತ್ರ ಬೇರೆ. ಭಾರತದಲ್ಲಿ ಬಹುಕಾಲ ಕರಾರುಪತ್ರ ಬರೆದ ರೀತಿಯೇ ತೆರಿಗೆಯನ್ನು ತೀರ್ಮಾನಿಸಿತು.

ಬಂಡವಾಳ ಲಾಭದ ಮೇಲಿನ ತೆರಿಗೆ ಇಲ್ಲಿಗೆ ಬಂದದ್ದು 1947ರಲ್ಲಿ, ಲಿಯಾಖತ್ ಅಲಿ ಖಾನ್ ಮಂಡಿಸಿದ ಬಜೆಟ್ಟಿನಲ್ಲಿ. ಬೇಗನೆ ರದ್ದಾದ ಅದು ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ವರದಿಯ ನಂತರ, 1956ರಲ್ಲಿ ಮರಳಿತು. ಯಂತ್ರಗಳ ಲೆಕ್ಕಕ್ಕೆ ಪ್ರತ್ಯೇಕ ನಿಯಮವಿತ್ತು: ಸವಕಳಿ ಕಳೆದು ಉಳಿದ ಮೌಲ್ಯಕ್ಕಿಂತ ಹೆಚ್ಚಿಗೆ ಮಾರಿದರೆ, ಹಿಂದೆ ಪಡೆದ ಸವಕಳಿಯಷ್ಟರ ಮಟ್ಟಿಗೆ ಅದು ವ್ಯಾಪಾರದ ಆದಾಯ. ಆದರೆ ಇಡೀ ಉದ್ಯಮ ಒಂದೇ ಮೊತ್ತಕ್ಕೆ ಹೋದಾಗ ಯಾವ ಯಂತ್ರಕ್ಕೆ ಎಷ್ಟು ಬಂತೆಂದು ಹೇಳುವುದು ಹೇಗೆ? ದಾಸ್ತಾನಿಗೂ ಇದೇ ತೊಡಕು: 1965ರ ಮುಗ್ನೀರಾಮ್ ಬಾಂಗೂರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಇಡಿಗಂಟು ಬೆಲೆಯನ್ನು ಒಡೆದು ದಾಸ್ತಾನಿನ ಪಾಲೆಂದು ತೆರಿಗೆ ಹಾಕಲು ಒಪ್ಪಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ತೆರಿಗೆ ಇಲಾಖೆಗೆ ಬಿದ್ದದ್ದು ಬೆಂಗಳೂರಿನ ಒಂದು ಊದುಬತ್ತಿ ವ್ಯಾಪಾರದಿಂದ. ಆ ಪಾಲುದಾರಿಕೆ ಸಂಸ್ಥೆ 1965ರ ಡಿಸೆಂಬರ್ 31ರಂದು ವಿಸರ್ಜನೆಯಾಯಿತು. ಅದರ ಗುಡ್‌ವಿಲ್, ಅಂದರೆ ಗಿರಾಕಿಗಳ ನಡುವೆ ಗಳಿಸಿದ್ದ ಹೆಸರು, 1,50,000 ರೂಪಾಯಿ ಎಂದು ಲೆಕ್ಕ ಹಾಕಲಾಗಿತ್ತು. ಅದು ಬಂಡವಾಳ ಲಾಭ ಎಂದಿತು ಇಲಾಖೆ. 1981ರಲ್ಲಿ ಬಿ.ಸಿ. ಶ್ರೀನಿವಾಸ ಶೆಟ್ಟಿ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಲಾಭ ಕಾಣಲು ಮಾರಿದ ಬೆಲೆಯಿಂದ ಕೊಂಡ ಬೆಲೆಯನ್ನು ಕಳೆಯಬೇಕು. ವ್ಯಾಪಾರ ನಡೆಸುತ್ತ ತಾನಾಗಿ ಬೆಳೆದ ಹೆಸರಿಗೆ ಕೊಂಡ ಬೆಲೆಯೂ ಇಲ್ಲ, ಕೊಂಡ ದಿನವೂ ಇಲ್ಲ. ಲೆಕ್ಕ ಹಾಕುವ ವಿಧಾನ ಕೆಲಸ ಮಾಡದ ಕಡೆ ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಭಾರತದ ತೆರಿಗೆ ಕಾನೂನಿನಲ್ಲಿ ಇಷ್ಟು ದೂರ ಸಾಗಿದ ತರ್ಕಗಳು ಕಡಿಮೆ.

ಗುಡ್‌ವಿಲ್ ಮಟ್ಟಿಗೆ ಸಂಸತ್ತು 1987ರಲ್ಲಿ ಅದರ ಕೊಂಡ ಬೆಲೆ ಶೂನ್ಯ ಎಂದು ಬರೆದು ಬಾಗಿಲು ಮುಚ್ಚಿತು. ಇಡೀ ಉದ್ಯಮದ ವಿಷಯದಲ್ಲಿ ಬಾಗಿಲು ತೆರೆದೇ ಇತ್ತು. 1997ರ ಎರಡು ತೀರ್ಪುಗಳು ಪರಿಸ್ಥಿತಿಯ ವಿಚಿತ್ರವನ್ನು ತೋರಿಸುತ್ತವೆ. ಆರ್ಟೆಕ್ಸ್ ಕಂಪನಿಯ ಮಾರಾಟದಲ್ಲಿ ಮೌಲ್ಯಮಾಪಕರ ಬಿಡಿ ಲೆಕ್ಕ ಸಿಕ್ಕಿತು, ತೆರಿಗೆ ಬಿತ್ತು. ಎಲೆಕ್ಟ್ರಿಕ್ ಕಂಟ್ರೋಲ್ ಗೇರ್ ಪ್ರಕರಣದಲ್ಲಿ ಅಂಥ ಲೆಕ್ಕ ಇರಲಿಲ್ಲ, ಬೀಳಲಿಲ್ಲ.

1999ರ ಹಣಕಾಸು ಕಾಯ್ದೆ ಇದಕ್ಕೆ ಆದಾಯ ತೆರಿಗೆ ಕಾಯ್ದೆಗೆ ಸೇರಿಸಿದ 50ಬಿ ಕಲಮಿನಲ್ಲಿ ಉತ್ತರ ಕೊಟ್ಟಿತು. ಬಿಡಿ ಆಸ್ತಿಗಳ ಕೊಂಡ ಬೆಲೆಯನ್ನು ಹುಡುಕುವ ಬದಲು, ಘಟಕದ ನಿವ್ವಳ ಮೌಲ್ಯವನ್ನೇ (ಆಸ್ತಿಯಲ್ಲಿ ಸಾಲ ಕಳೆದದ್ದು) ಕೊಂಡ ಬೆಲೆ ಎಂದು ಹಿಡಿಯುವುದು, ಅದಕ್ಕೆ ಲೆಕ್ಕಪರಿಶೋಧಕರ ವರದಿ ಪಡೆಯುವುದು. ಘಟಕ ನಿಗದಿತ ಅವಧಿಗಿಂತ (ಆರಂಭದಲ್ಲಿ ಅದು 36 ತಿಂಗಳಾಗಿತ್ತು) ಹಳೆಯದಾಗಿದ್ದರೆ ಇಡೀ ಲಾಭ ದೀರ್ಘಾವಧಿಯದು. ಅದರೊಳಗಿನ ಯಂತ್ರ ನಿನ್ನೆ ಕೊಂಡದ್ದಾದರೂ ಸರಿ. ಅದೇ ಯಂತ್ರವನ್ನು ಬಿಡಿಯಾಗಿ ಮಾರಿ ಲಾಭ ಬಂದರೆ, ಎಷ್ಟೇ ಹಳೆಯದಾಗಿದ್ದರೂ ಅದು ಅಲ್ಪಾವಧಿ ಲಾಭ. ಕಂಪನಿಗಳು ಇಡಿಗಂಟು ಮಾರಾಟವನ್ನು ಮೆಚ್ಚಲು ಇದೊಂದು ಮುಖ್ಯ ಕಾರಣ. ಹಣದುಬ್ಬರಕ್ಕೆ ತಕ್ಕಂತೆ ಬೆಲೆ ಏರಿಸುವ ಸೌಲಭ್ಯ ಮಾತ್ರ ಇಲ್ಲಿ ಸಿಗದು.

ಹೊಸ ಕಲಮು ಹಿಂದಿನ ವರ್ಷಗಳಿಗೆ ಅನ್ವಯಿಸಲಿಲ್ಲ. 1969ರ ಬ್ಯಾಂಕ್ ರಾಷ್ಟ್ರೀಕರಣದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿಗಾಗಿ ಬಂದ 10.20 ಕೋಟಿ ರೂಪಾಯಿ ಪರಿಹಾರಕ್ಕೆ ತೆರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಅದರ ಬೇರು ಊದುಬತ್ತಿ ಪ್ರಕರಣದ ತರ್ಕವೇ.

ವಕೀಲರು ಹೊಸ ಸಂದು ಹುಡುಕಲು ತಡಮಾಡಲಿಲ್ಲ. ಹಣದ ಬದಲು ಷೇರು, ಬಾಂಡು ಪಡೆದರೆ ಅದು ಮಾರಾಟವಲ್ಲ, ವಿನಿಮಯ ಎಂಬ ವಾದವನ್ನು ಭಾರತ್ ಬಿಜ್ಲೀ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2014ರಲ್ಲಿ ಒಪ್ಪಿತು. 2021ರ ತಿದ್ದುಪಡಿ ಯಾವ ಬಗೆಯ ವರ್ಗಾವಣೆಯಾದರೂ ಇಡಿಗಂಟು ಮಾರಾಟವೇ ಎಂದು ಸಾರಿತು. ಕರಾರಿನ ಬೆಲೆಯ ಬದಲು ನಿಯಮದಂತೆ ಕಟ್ಟಿದ ಮಾರುಕಟ್ಟೆ ಮೌಲ್ಯವನ್ನು ಆಧಾರವಾಗಿಸಿತು. ಅದೇ ವರ್ಷ ಗುಡ್‌ವಿಲ್ ಮೇಲಿನ ಸವಕಳಿಯೂ ನಿಂತದ್ದರಿಂದ ಕೊಳ್ಳುವವರ ಉತ್ಸಾಹ ಸ್ವಲ್ಪ ಕುಗ್ಗಿತು.

ನಡೆಯುತ್ತಿರುವ ವ್ಯಾಪಾರವನ್ನು ಇಡಿಯಾಗಿ ವರ್ಗಾಯಿಸಿದರೆ ಜಿಎಸ್‌ಟಿ ವಿನಾಯಿತಿ ಇದೆ. ಮಾರುವ ಕಂಪನಿಯ ಹಳೆಯ ನಷ್ಟ ಮಾತ್ರ ಘಟಕದ ಜೊತೆ ಹೋಗುವುದಿಲ್ಲ. ಅದೂ ಬೇಕೆನ್ನುವವರು ಕಂಪನಿ ನ್ಯಾಯಮಂಡಳಿಯ ಒಪ್ಪಿಗೆ ಪಡೆದು ವಿಭಜನೆಯ ದಾರಿ ಹಿಡಿಯಬೇಕು.