ಡಿಸ್ಟ್ರಿಬ್ಯೂಟರ್ ದೋಷ ಮತ್ತು ದುರಸ್ತಿ

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇಗ್ನಿಷನ್ ಕಾಯಿಲ್‌ನ ಅಧಿಕ ಒತ್ತಡದ ವಿದ್ಯುತ್ತನ್ನು ಸರದಿಯಂತೆ ಸ್ಪಾರ್ಕ್ ಪ್ಲಗ್‌ಗಳಿಗೆ ಹಂಚುವ ಸಾಧನವೇ ಡಿಸ್ಟ್ರಿಬ್ಯೂಟರ್. ಮೆಕ್ಯಾನಿಕ್‌ಗಳ ಬಾಯಲ್ಲಿ 'ಡೆಲ್ಕೊ'. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಕಾರ್ಬ್ಯುರೇಟರ್ ಕಾಲದ ಮಾರುತಿ 800ರಲ್ಲಿ ಇತ್ತು. ಇದರ ರೋಟರ್ ಎಂಜಿನ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ.

ಬಳ್ಳಾರಿಯ ಅದಿರಿನ ಕೆಂಧೂಳು, ಸಿರುಗುಪ್ಪದ ನೀರಾವರಿ ಗದ್ದೆಗಳ ತೇವ, ಕುರುಗೋಡಿನ ಬಿರುಬಿಸಿಲು ಮೂರೂ ಇದಕ್ಕೆ ಆಗದವು. ಕ್ಯಾಪಿನೊಳಗೆ ಧೂಳು, ತೇವ ಸೇರಿದರೆ ಕಿಡಿ ದಾರಿ ತಪ್ಪಿ ಎಂಜಿನ್ ಮಿಸ್ ಹೊಡೆಯುತ್ತದೆ. ಕ್ಯಾಪಿನಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು ಅಥವಾ ಸುಟ್ಟ ಜಾಡು. ಒರೆಸಿ ಫಲವಿಲ್ಲ, ಬದಲಿಸಬೇಕು. ಕ್ಯಾಪಿನ ನಡುವಿನ ಕಾರ್ಬನ್ ಬ್ರಷ್ ಸವೆದಿದೆಯೇ ಎಂದೂ ನೋಡಬೇಕು.

ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಪದೇಪದೇ ಸುಡುತ್ತಿದ್ದರೆ ಕಂಡೆನ್ಸರ್ ಮೇಲೆ ಅನುಮಾನಪಡಬೇಕು. ಉಪ್ಪುಕಾಗದದಿಂದ ಉಜ್ಜುವುದು ಊರು ಮುಟ್ಟಿಸುವ ಉಪಾಯವಷ್ಟೇ. ಅಂಬಾಸಿಡರ್‌ನಲ್ಲಿ ಪಾಯಿಂಟ್ ಪೂರ್ತಿ ತೆರೆದಾಗ ಅಂತರ ಸುಮಾರು 0.4 ಮಿ.ಮೀ. ಇರಬೇಕು. ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಆದ್ದರಿಂದ ಟೈಮಿಂಗ್ ಹೊಂದಿಸುವುದು ಕೊನೆಗೆ. ಶಾಫ್ಟಿನ ಬುಷ್ ಸವೆದು ಅಲುಗಾಡುತ್ತಿದ್ದರೆ ಯಾವ ಹೊಂದಾಣಿಕೆಯೂ ನಿಲ್ಲದು. ತಂತಿ ಕಳಚುವ ಮುನ್ನ ಗುರುತು ಹಾಕಿಕೊಳ್ಳಬೇಕು: ಅಂಬಾಸಿಡರ್‌ನ ಕಿಡಿಯ ಸರದಿ 1-3-4-2.