‘ಉಚಿತ ಕೇರ್‌ಗಿವರ್ ತರಬೇತಿ’ ಫಾರ್ವರ್ಡ್: ಆ ತರಬೇತಿಯ ಖರ್ಚು ನಿಜವಾಗಿ ಯಾರ ಜೇಬಿನಿಂದ?

“ವೃದ್ಧರ ಮತ್ತು ವಿಕಲಚೇತನರ ಆರೈಕೆ ತರಬೇತಿ, ಪೂರ್ತಿ ಉಚಿತ! ಎಸ್ಸೆಸ್ಸೆಲ್ಸಿ ಸಾಕು. ಕೆಲಸ ಗ್ಯಾರಂಟಿ, ವಿದೇಶದಲ್ಲೂ ಅವಕಾಶ. ನೋಂದಣಿ ಶುಲ್ಕ ಮಾತ್ರ ಈ ನಂಬರಿಗೆ ಕಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಯಾವುದಾದರೂ ಒಂದು ವಾಟ್ಸಾಪ್ ಗುಂಪಿಗೆ ಬಂದೇ ಇರುತ್ತದೆ. ‘ಪೂರ್ತಿ ಉಚಿತ’ ಮತ್ತು ‘ಶುಲ್ಕ ಮಾತ್ರ’ ಎರಡೂ ಒಂದೇ ಸಂದೇಶದಲ್ಲಿ ಇರುವುದನ್ನು ಬಹಳ ಜನ ಗಮನಿಸುವುದೇ ಇಲ್ಲ. ಯಾರಿಗಾದರೂ ಉಪಯೋಗವಾಗಲಿ ಎಂದು ಮುಂದಕ್ಕೆ ಕಳಿಸಿಬಿಡುತ್ತೇವೆ.

ಮೊದಲೇ ಹೇಳಿಬಿಡುತ್ತೇನೆ: ಉಚಿತ ಆರೈಕೆ ತರಬೇತಿ ಎಂಬುದು ಸುಳ್ಳಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಅಂಥ ಕೋರ್ಸ್‌ಗಳು ನಮ್ಮಲ್ಲಿ ಇವೆ. ಆದರೆ ‘ಉಚಿತ’ ಎಂದರೆ ಏನು, ಯಾರಿಗೆ ಉಚಿತ, ತರಬೇತಿ ಮುಗಿದ ಮೇಲೆ ಏನಾಗುತ್ತದೆ ಎಂಬುದು ಗೊತ್ತಿದ್ದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಗುರುತಿಸುವುದು ಸುಲಭ.

ಆರೈಕೆಗೆ ತರಬೇತಿ ಏಕೆ? ಪ್ರೀತಿ, ತಾಳ್ಮೆ ಇದ್ದರೆ ಸಾಲದೇ?

ಇದು ನಾನು ಅತಿ ಹೆಚ್ಚು ಕೇಳಿರುವ ಮಾತು. ನನ್ನ ಅಜ್ಜಿ ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಾಗ ನಾವೂ ಹಾಗೇ ಅಂದುಕೊಂಡಿದ್ದೆವು. ಏಜೆನ್ಸಿಯೊಂದು ಕಳಿಸಿದ ಹುಡುಗಿ ತುಂಬ ಒಳ್ಳೆಯವಳು. ಅಜ್ಜಿಯ ಜೊತೆ ಹಾಡು ಹೇಳುತ್ತಿದ್ದಳು, ತಲೆ ಬಾಚುತ್ತಿದ್ದಳು. ಆದರೆ ಬಿದ್ದುಹೋದ ಕಡೆಯ ತೋಳನ್ನೇ ಹಿಡಿದು ಎಳೆದು ಕೂರಿಸುತ್ತಿದ್ದಳು, ಏಕೆಂದರೆ ಹಾಗೆ ಮಾಡಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಶಕ್ತಿ ಇಲ್ಲದ ಸ್ನಾಯುಗಳು ಭುಜದ ಕೀಲನ್ನು ಹಿಡಿದಿಡಲಾರವು, ಎಳೆದರೆ ಕೀಲು ಸರಿಯುತ್ತದೆ. ಮೂರನೇ ವಾರಕ್ಕೆ ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಯಿತು. ನಾವು ಪೌಡರ್ ಹಾಕಿದೆವು. ಅದು ಒತ್ತಡದ ಹುಣ್ಣಿನ ಮೊದಲ ಹಂತ ಎಂದು ಗೊತ್ತಾಗಿದ್ದು ಮನೆಗೆ ಬಂದ ನರ್ಸ್ ಒಬ್ಬರು ಹೇಳಿದಾಗ.

ಆ ನರ್ಸ್ ಎರಡು ಮಧ್ಯಾಹ್ನ ಕೂತು ಅವಳಿಗೂ ನಮಗೂ ಕಲಿಸಿದರು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ದಿಂಬು ಇಡುವುದು. ಮಲಗಿಸಿಕೊಂಡು ಊಟ ಮಾಡಿಸಬಾರದು, ಅನ್ನದ ಅಗುಳು ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯಾ ಆಗಬಹುದು, ಊಟವಾದ ಮೇಲೂ ಅರ್ಧ ಗಂಟೆ ಕೂರಿಸಬೇಕು. ಮೂತ್ರದ ಚೀಲ ಯಾವಾಗಲೂ ಹೊಟ್ಟೆಗಿಂತ ಕೆಳಗಿರಬೇಕು. ಇದರಲ್ಲಿ ಯಾವುದೂ ಡಾಕ್ಟರಿಕೆಯಲ್ಲ, ಆದರೆ ಯಾವುದೂ ತಾನಾಗಿಯೇ ಹೊಳೆಯುವಂಥದ್ದೂ ಅಲ್ಲ.

ವಿಕಲಚೇತನರ ನೆರವಿನ ಕೆಲಸದಲ್ಲೂ ಇದೇ ಕಥೆ. ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಹಲ್ಲಿನ ನಡುವೆ ಚಮಚ ತೂರಿಸುವುದು ಇಂದಿಗೂ ನಡೆಯುತ್ತಿದೆ. ಕಬ್ಬಿಣದಿಂದ ಏನೂ ಆಗುವುದಿಲ್ಲ, ಚಮಚದಿಂದ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆಯ ಕೆಳಗೆ ಮೆತ್ತಗಿನದು ಇಟ್ಟು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ. ಇಷ್ಟನ್ನು ಕಲಿಸಲು ಒಂದು ಗಂಟೆ ಸಾಕು, ಆ ಒಂದು ಗಂಟೆಗೆ ಹಣ ಯಾರು ಕೊಡುತ್ತಾರೆ ಎಂಬುದೇ ಪ್ರಶ್ನೆ.

ಖರ್ಚು ಎಂದರೆ ಬರೀ ಫೀಸಲ್ಲ

ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದ ಹುಡುಗಿಗೆ ನಾನೊಮ್ಮೆ ಎರಡು ದಿನದ ಕಾರ್ಯಾಗಾರವೊಂದರ ಬಗ್ಗೆ ಹೇಳಿದೆ. ಫೀಸು ಇರಲಿಲ್ಲ. ಅವಳು ಹೋಗಲಿಲ್ಲ. ಎರಡು ದಿನ ರಜೆ ಹಾಕಿದರೆ ಏಜೆನ್ಸಿ ಎರಡು ದಿನದ ಕೂಲಿ ಕಡಿಯುತ್ತಿತ್ತು, ಬಸ್ ಚಾರ್ಜ್ ಬೇರೆ. ಹೋಗಿ ಬಂದರೆ ಸಂಬಳ ಹೆಚ್ಚುತ್ತದೆಯೇ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ.

ತರಬೇತಿಯ ನಿಜವಾದ ಬಿಲ್ ಇಲ್ಲಿದೆ ನೋಡಿ. ಕಲಿಸುವವರ ಫೀಸು ಅದರಲ್ಲಿ ಒಂದು ಸಾಲು ಅಷ್ಟೆ. ಕಲಿಯುವ ಹೊತ್ತಿಗೆ ಕೂಲಿ, ಆ ಹೊತ್ತಿನಲ್ಲಿ ರೋಗಿಯ ಪಕ್ಕ ಕೂರುವ ಬದಲಿ ಆಳು, ಕಲಿತದ್ದನ್ನು ಕೆಲಸದ ಜಾಗದಲ್ಲೇ ನೋಡಿ ಸರಿ-ತಪ್ಪು ಹೇಳುವ ಅನುಭವಿ, ಕಲಿತ ಮೇಲೆ ಕೊಡಬೇಕಾದ ಹೆಚ್ಚಿನ ಸಂಬಳ, ಇವೂ ಬಿಲ್ಲಿನಲ್ಲಿವೆ. ಸರ್ಕಾರ ಮೊದಲ ಸಾಲನ್ನು ಮಾತ್ರ ಭರಿಸಿ ‘ಉಚಿತ’ ಎಂದರೆ ಉಳಿದದ್ದೆಲ್ಲ ಕೆಲಸಗಾರ್ತಿಯ ತಲೆಯ ಮೇಲೆ ಬೀಳುತ್ತದೆ. ಆ ಬಿಲ್ಲಿನ ಹೆಚ್ಚುಕಡಿಮೆ ಎಲ್ಲ ಸಾಲುಗಳನ್ನೂ ಕಾನೂನಿನ ಮೂಲಕ ಭರಿಸಲು ಹೊರಟ ದೇಶವೊಂದಿದೆ. ವಿದೇಶಿ ಕೆಲಸದ ಫಾರ್ವರ್ಡ್‌ಗಳಲ್ಲಿ ಅದರ ಹೆಸರೂ ಓಡಾಡುವುದರಿಂದ ಅಲ್ಲಿ ನಿಜವಾಗಿ ಏನಾಯಿತು ಎಂದು ತಿಳಿಯುವುದು ಒಳ್ಳೆಯದು.

ನ್ಯೂಜಿಲೆಂಡ್ ಮಾಡಿದ್ದೇನು?

2012ರಲ್ಲಿ ಲೋಯರ್ ಹಟ್ ಎಂಬ ಊರಿನ ವೃದ್ಧಾಶ್ರಮದ ಆರೈಕೆ ಕೆಲಸಗಾರ್ತಿ ಕ್ರಿಸ್ಟೀನ್ ಬಾರ್ಟ್‌ಲೆಟ್ ತಮ್ಮ ಕಾರ್ಮಿಕ ಸಂಘದ ಬೆಂಬಲದಿಂದ ಉದ್ಯೋಗದಾತರ ಮೇಲೆ ದಾವೆ ಹೂಡಿದರು. ಇಪ್ಪತ್ತು ವರ್ಷ ದುಡಿದ ಮೇಲೂ ಅವರಿಗೆ ಸಿಗುತ್ತಿದ್ದದ್ದು ಗಂಟೆಗೆ 14.46 ನ್ಯೂಜಿಲೆಂಡ್ ಡಾಲರ್. ಈ ಕೆಲಸವನ್ನು ಹೆಂಗಸರೇ ಹೆಚ್ಚಾಗಿ ಮಾಡುವುದರಿಂದ ಇದರ ಬೆಲೆಯನ್ನು ಕಡಿಮೆ ಕಟ್ಟಲಾಗಿದೆ ಎಂಬುದು ಅವರ ವಾದ. 2014ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು. ಕೊನೆಗೆ ಸರ್ಕಾರ ಸಂಧಾನಕ್ಕೆ ಕೂತಿತು. 2017ರಲ್ಲಿ ಐದು ವರ್ಷಕ್ಕೆ ಸುಮಾರು 200 ಕೋಟಿ ಡಾಲರಿನ ಒಪ್ಪಂದವಾಯಿತು. ವೃದ್ಧರ ಆರೈಕೆ ಮತ್ತು ವಿಕಲಚೇತನರ ನೆರವಿನ ಸುಮಾರು 55,000 ಕೆಲಸಗಾರರು ಅದರ ವ್ಯಾಪ್ತಿಗೆ ಬಂದರು.

ಸುದ್ದಿಯಾದದ್ದು ಸಂಬಳ ಏರಿಕೆ. ನನಗೆ ಅದಕ್ಕಿಂತ ಮುಖ್ಯ ಎನಿಸಿದ್ದು, ಆ ಕಾಯ್ದೆ ಸಂಬಳವನ್ನೂ ತರಬೇತಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿದ ರೀತಿ. ಅರ್ಹತೆ ಇಲ್ಲದವರಿಗೆ 2017ರ ಜುಲೈನಿಂದ ಗಂಟೆಗೆ 19 ಡಾಲರ್, 2ನೇ ಹಂತದ ಪ್ರಮಾಣಪತ್ರಕ್ಕೆ 20, 3ನೇ ಹಂತಕ್ಕೆ 21, 4ನೇ ಹಂತಕ್ಕೆ 23.50. ಜೊತೆಗೆ ಉದ್ಯೋಗದಾತರಿಗೆ ಒಂದು ಹೊಣೆ: ಕೆಲಸಕ್ಕೆ ಸೇರಿದ 12 ತಿಂಗಳಲ್ಲಿ 2ನೇ ಹಂತ, 3 ವರ್ಷದಲ್ಲಿ 3ನೇ ಹಂತ, 6 ವರ್ಷದಲ್ಲಿ 4ನೇ ಹಂತ ಮುಗಿಸಲು ಕೆಲಸಗಾರರಿಗೆ ಸಾಧ್ಯವಾಗುವಂತೆ ನೋಡಿಕೊಳ್ಳಬೇಕು. ಶಾಲೆಗೆ ಹೋಗದೆ ಕೈಯಲ್ಲೇ ಕಲಿತವರನ್ನೂ ಮರೆಯಲಿಲ್ಲ. ಒಪ್ಪಂದದ ಹೊತ್ತಿಗೆ 12 ವರ್ಷ ಸೇವೆ ಮುಗಿಸಿದ್ದವರು ಪ್ರಮಾಣಪತ್ರ ಇಲ್ಲದಿದ್ದರೂ ಮೇಲಿನ ಹಂತದ ಸಂಬಳಕ್ಕೇ ಹೋದರು.

ಕಲಿಕೆ ನಡೆದದ್ದೂ ಬಹುತೇಕ ಕೆಲಸದ ಜಾಗದಲ್ಲೇ. ಅಲ್ಲಿ ಇದಕ್ಕೆಂದೇ ಕರಿಯರ್‌ಫೋರ್ಸ್ ಎಂಬ ಉದ್ಯಮ ತರಬೇತಿ ಸಂಸ್ಥೆ ಇತ್ತು. ಖರ್ಚಿನ ಒಂದು ಭಾಗ ಸರ್ಕಾರದ್ದು, ಒಂದು ಭಾಗ ಉದ್ಯೋಗದಾತರದ್ದು.

ಇದನ್ನು ಓದಿ ‘ಹಾಗಾದರೆ ಅಲ್ಲಿ ಎಲ್ಲ ಸರಿಹೋಯಿತು’ ಎಂದು ಫಾರ್ವರ್ಡ್ ಮಾಡಬೇಡಿ. ಸರ್ಕಾರದ ಹಣ ಸಂಸ್ಥೆಗಳಿಗೆ ಸರಾಸರಿ ಲೆಕ್ಕದಲ್ಲಿ ಬರುತ್ತದೆ. ಹೆಚ್ಚು ಕಲಿತವರು ಹೆಚ್ಚು ದುಬಾರಿ. ಹಾಗಾಗಿ 4ನೇ ಹಂತ ಮುಗಿಸಿದವರ ಕೆಲಸದ ಗಂಟೆಗಳನ್ನೇ ಕೆಲವೆಡೆ ಕಡಿತ ಮಾಡಲಾಯಿತು ಎಂಬ ದೂರುಗಳು ಬಂದವು. ಓದಿ ಪಾಸಾದದ್ದಕ್ಕೇ ಗಂಟೆ ಕಳೆದುಕೊಂಡರೆ ಹೇಗಿರುತ್ತದೆ ಯೋಚಿಸಿ. ಮುಂದೆ ಬೆಲೆ ಏರಿತು, ಸಂಬಳ ಹಿಂದೆ ಬಿತ್ತು. ಸಂಘಗಳು 2022ರಲ್ಲಿ ಹೊಸದಾಗಿ ಸಮಾನ ವೇತನದ ಬೇಡಿಕೆ ಸಲ್ಲಿಸಿದವು. 2025ರ ಮೇ ತಿಂಗಳಲ್ಲಿ ಸರ್ಕಾರ ಕಾನೂನನ್ನೇ ತಿದ್ದಿ, ನಡೆಯುತ್ತಿದ್ದ 33 ಬೇಡಿಕೆಗಳನ್ನು ಒಂದೇ ಏಟಿಗೆ ನಿಲ್ಲಿಸಿತು. ಆರೈಕೆ ಕೆಲಸಗಾರರದೂ ಅದರಲ್ಲಿ ಒಂದು.

ನಮ್ಮಲ್ಲಿ ಹಣ ಎಲ್ಲಿಂದ ಬರುತ್ತದೆ?

ನಮ್ಮಲ್ಲಿ ಇದಕ್ಕೆ ಒಂದೇ ದಾರಿ ಇಲ್ಲ. ಹೆಚ್ಚು ಜನ ಕೇಳಿರುವುದು 2015ರ ಜುಲೈನಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ. ಅದರಡಿ ಆಸ್ಪತ್ರೆಯ ಸಹಾಯಕರಿಗೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಕೋರ್ಸ್ ಇದೆ, ಮನೆ ಆರೈಕೆಗೆ ‘ಹೋಮ್ ಹೆಲ್ತ್ ಏಡ್’ ಇದೆ. ಅಭ್ಯರ್ಥಿಗೆ ಫೀಸಿಲ್ಲ, ತರಬೇತಿ ಕೇಂದ್ರಕ್ಕೆ ಸರ್ಕಾರ ಕೊಡುತ್ತದೆ. ಕೋವಿಡ್ ಎರಡನೇ ಅಲೆಯ ನಂತರ, 2021ರ ಜೂನ್‌ನಲ್ಲಿ, 26 ರಾಜ್ಯಗಳ 111 ಕೇಂದ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ತ್ವರಿತ ತರಬೇತಿ ಎಂದು 276 ಕೋಟಿ ರೂಪಾಯಿಯ ಕಾರ್ಯಕ್ರಮ ಘೋಷಣೆಯಾದದ್ದು ಇದೇ ಯೋಜನೆಯಡಿ. ಮನೆ ಆರೈಕೆ ಆಗಲೂ ಆರು ಕೋರ್ಸ್‌ಗಳಲ್ಲಿ ಒಂದು. ಕರ್ನಾಟಕದ್ದೇ ಆದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಯೂ 2017ರಿಂದ ಇದೆ.

ಈಗಾಗಲೇ ಕೆಲಸದಲ್ಲಿ ಇರುವವರಿಗೆ ಹೆಚ್ಚು ಉಪಯೋಗದ ದಾರಿಗಳು ಎರಡು, ಇವುಗಳ ಬಗ್ಗೆ ಫಾರ್ವರ್ಡ್ ಬರುವುದು ಅಪರೂಪ. ಒಂದು, ಹಿಂದಿನ ಕಲಿಕೆಗೆ ಮಾನ್ಯತೆ. ವರ್ಷಗಟ್ಟಲೆ ಕೆಲಸ ಮಾಡಿ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ, ಮೊದಲಿಂದ ಕೋರ್ಸ್ ಮಾಡಬೇಕಿಲ್ಲ. ಇನ್ನೊಂದು ಅಪ್ರೆಂಟಿಸ್‌ಶಿಪ್. ಆಸ್ಪತ್ರೆಯಲ್ಲೇ ಕೆಲಸ ಕಲಿಯುತ್ತ ತಿಂಗಳಿಗೆ ಸ್ಟೈಪೆಂಡ್ ಪಡೆಯಬಹುದು. 2016ರಲ್ಲಿ ಬಂದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಸ್ಟೈಪೆಂಡ್‌ನ ಶೇ. 25ರಷ್ಟನ್ನು, ಗರಿಷ್ಠ 1,500 ರೂಪಾಯಿ ಮಿತಿಯಲ್ಲಿ, ಕೇಂದ್ರ ಸರ್ಕಾರ ಭರಿಸುತ್ತದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ.

ವಿಕಲಚೇತನರ ನೆರವಿಗೆ ಭಾರತೀಯ ಪುನರ್ವಸತಿ ಪರಿಷತ್ತು ಮೆಲ್ಬರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿ 2021ರಲ್ಲಿ ತಳಮಟ್ಟದ ಪುನರ್ವಸತಿ ಕಾರ್ಯಕರ್ತರಿಗಾಗಿ ಆರು ತಿಂಗಳ ಕೋರ್ಸ್ ತಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆರೈಕೆದಾರರ ತರಬೇತಿಯನ್ನು ಸರ್ಕಾರಗಳ ಕೆಲಸಗಳಲ್ಲಿ ಒಂದಾಗಿ ಹೆಸರಿಸುತ್ತದೆ.

ಬಿಲ್ಲಿನ ಎರಡನೇ ಸಾಲನ್ನು, ಅಂದರೆ ಕಲಿಯುವವರ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಂಡ ಉದಾಹರಣೆ ನಮ್ಮಲ್ಲೂ ಇದೆ: ಆಶಾ ಕಾರ್ಯಕರ್ತೆಯರು. ಅವರ 6 ಮತ್ತು 7ನೇ ಮಾಡ್ಯೂಲ್ ತರಬೇತಿ ನಾಲ್ಕು ಸುತ್ತುಗಳಲ್ಲಿ 20 ದಿನ. ಆ ದಿನಗಳಿಗೆ ಭತ್ಯೆ ಕೊಡುತ್ತಾರೆ. ಮೊತ್ತ ಸಾಲದು ಎಂಬ ತಕರಾರು ಬೇರೆ, ಆದರೆ ಕಲಿಯುವ ದಿನವೂ ದುಡಿದ ದಿನವೇ ಎಂಬ ತತ್ವ ಅಲ್ಲಿ ಒಪ್ಪಿತವಾಗಿದೆ. ಮನೆ ಮನೆಗೆ ಏಜೆನ್ಸಿ ಕಳಿಸುವ ಅಟೆಂಡರ್‌ಗಳಿಗೆ ಈ ತತ್ವ ಇನ್ನೂ ತಲುಪಿಲ್ಲ. ಕನಿಷ್ಠ ವೇತನದಲ್ಲಿ ಕುಶಲ, ಅಕುಶಲ ಎಂಬ ಭೇದವಿದೆ. ಆದರೆ ಈ ಪ್ರಮಾಣಪತ್ರ ಇದ್ದರೆ ಇಷ್ಟು ಹೆಚ್ಚು ಕೊಡಲೇಬೇಕು ಎಂಬ, ನ್ಯೂಜಿಲೆಂಡಿನಂಥ ಹಂತ ಹಂತದ ನಂಟು ನಮ್ಮಲ್ಲಿಲ್ಲ. ‘ಕೆಲಸ ಗ್ಯಾರಂಟಿ’ ಎಂದು ಬರೆಯುವವರು ಎಷ್ಟು ಸಂಬಳಕ್ಕೆ ಎಂದು ಬರೆಯದಿರುವುದಕ್ಕೆ ಇದೂ ಒಂದು ಕಾರಣ.

ಫಾರ್ವರ್ಡ್ ಒತ್ತುವ ಮುನ್ನ

ಸರ್ಕಾರಿ ಉಚಿತ ಕೋರ್ಸಿಗೆ ವ್ಯಕ್ತಿಯೊಬ್ಬರ ಫೋನ್ ನಂಬರಿಗೆ ‘ನೋಂದಣಿ ಶುಲ್ಕ’ ಕೇಳಿದರೆ ಅಲ್ಲೇ ನಿಲ್ಲಿಸಿ. ಕೇಂದ್ರದ ಹೆಸರು ಸ್ಕಿಲ್ ಇಂಡಿಯಾ ಡಿಜಿಟಲ್ ಹಬ್‌ನಲ್ಲಿ ಅಥವಾ ರಾಜ್ಯದ ಕೌಶಲ್ಯಕರ್ ತಾಣದಲ್ಲಿ ಇದೆಯೇ ನೋಡಿ. ಖಾಸಗಿ ಸಂಸ್ಥೆ ಫೀಸು ಪಡೆದು ಕಲಿಸುವುದು ತಪ್ಪಲ್ಲ, ಆದರೆ ಅದರ ಕೋರ್ಸಿಗೆ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿ. ಎಷ್ಟು ದಿನ ಆಸ್ಪತ್ರೆಯಲ್ಲಿ ನಿಜವಾದ ರೋಗಿಗಳ ಜೊತೆ ಅಭ್ಯಾಸ ಮಾಡಿಸುತ್ತೀರಿ ಎಂದು ಕೇಳುವುದು ಇನ್ನೂ ಒಳ್ಳೆಯದು. ವೀಡಿಯೊ ನೋಡಿ ಯಾರೂ ಮಗ್ಗುಲು ಬದಲಿಸಲು ಕಲಿಯುವುದಿಲ್ಲ.

ವಿದೇಶದ ಆಸೆ ತೋರಿಸಿದರೆ ಏಜೆಂಟ್ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ನೋಂದಾಯಿತರೇ ಎಂದು ಪರೀಕ್ಷಿಸಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿ ಇದೆ, ಅದಕ್ಕೆ ರಸೀದಿಯನ್ನೂ ಕೊಡಬೇಕು. ನ್ಯೂಜಿಲೆಂಡಿನ ಕಾನೂನಿನಲ್ಲಂತೂ ಕೆಲಸ ಕೊಡುವುದಕ್ಕೆ ಕೆಲಸಗಾರರಿಂದ ಹಣ ಪಡೆಯುವುದೇ ನಿಷಿದ್ಧ. ಆಗಲೇ ಹಣ ಕಳಿಸಿ ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ನಿಮ್ಮ ಮನೆಯಲ್ಲೇ ಯಾರಾದರೂ ಆರೈಕೆಗೆ ಬರುತ್ತಿದ್ದರೆ ಏಜೆನ್ಸಿಗೆ ಕೇಳಲು ಒಂದು ಪ್ರಶ್ನೆ: ಇವರ ತರಬೇತಿ ದಿನಗಳಿಗೆ ನೀವು ಕೂಲಿ ಕೊಡುತ್ತೀರಾ? ನಾನು ಕೇಳಿದಾಗ ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗೆ ಇದುವರೆಗೆ ಯಾರೂ ಕೇಳಿಲ್ಲ ಎಂದರು. ಕೊನೆಗೆ ಆ ಎರಡು ದಿನದ ಕೂಲಿಯನ್ನು ನಾವೇ ಕೊಟ್ಟೆವು, ರೋಗಿಯ ಪಕ್ಕ ಅಮ್ಮ ಕೂತರು. ಹುಡುಗಿ ಮುಂದಿನ ತಿಂಗಳ ಕಾರ್ಯಾಗಾರಕ್ಕೆ ಹೋಗಿ ಬಂದಳು.