ಪೆನ್ಸಿಲ್ ಬರಹ
ಕಾಗದಕ್ಕೆ ಉಜ್ಜಿ ಸವೆದ ಗ್ರಾಫೈಟ್ ಉಳಿಸುವ ಗುರುತು. ಪೆನ್ಸಿಲ್ ಕಡ್ಡಿಯಲ್ಲಿ ಸೀಸವಿಲ್ಲ. ಗ್ರಾಫೈಟ್‌ನಲ್ಲಿ ಇಂಗಾಲದ ಪರಮಾಣುಗಳು ಷಡ್ಭುಜಗಳ ಜಾಲವಾಗಿ ಹೆಣೆದುಕೊಂಡು ಪದರಗಳಾಗಿರುತ್ತವೆ. ಪದರದೊಳಗಿನ ಬಂಧ ಬಲು ಗಟ್ಟಿ, ಸುಮಾರು 0.335 ನ್ಯಾನೋಮೀಟರ್ ಅಂತರದಲ್ಲಿರುವ ಪದರಗಳ ನಡುವಿನ ಸೆಳೆತ ಮಾತ್ರ ದುರ್ಬಲ. ಬರವಣಿಗೆಯ ಗುಟ್ಟೆಲ್ಲ ಈ ದೌರ್ಬಲ್ಯದಲ್ಲೇ ಇದೆ: ಒತ್ತಿ ಎಳೆದಾಗ ಪದರಗಳು ಜಾರಿ ಚಕ್ಕೆಗಳಾಗಿ ಕಳಚುತ್ತವೆ. ನುಣುಪಾಗಿ ಕಂಡರೂ ಕಾಗದವು ಸೆಲ್ಯುಲೋಸ್ ನಾರುಗಳ ಒರಟು ಹೆಣಿಗೆ. ಅದು ಅರದಂತೆ ಚಕ್ಕೆಗಳನ್ನು ಕೆರೆದು ಸಂದುಗಳಲ್ಲಿ ಹಿಡಿದಿಡುತ್ತದೆ. ಹಾಗಾಗಿಯೇ ನಯವಾದ ಗಾಜಿನ ಮೇಲೆ ಪೆನ್ಸಿಲ್ ಸರಿಯಾಗಿ ಮೂಡದು. ಶಾಯಿಯ ಹಾಗೆ ನಾರಿನೊಳಗೆ ಇಂಗದ ಕಾರಣ ಗೆರೆ ರಬ್ಬರಿಗೆ ಅಂಟಿ ಬರುತ್ತದೆ. 1795ರಲ್ಲಿ ಫ್ರಾನ್ಸಿನ ನಿಕೊಲಾ ಜಾಕ್ ಕಾಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಬೆರೆಸಿ ಸುಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮಣ್ಣು ಹೆಚ್ಚಿದಷ್ಟೂ ಕಡ್ಡಿ ಗಡಸು, ಗೆರೆ ತಿಳಿ (ಪೆನ್ಸಿಲ್ ಮೇಲಿನ ದರ್ಜೆ ಗುರುತು ಎಚ್). ಗ್ರಾಫೈಟ್ ಹೆಚ್ಚಿದರೆ ಮೆದು, ಕಪ್ಪು (ಬಿ). ಶಾಲಾ ಮಕ್ಕಳ ಎಚ್‌ಬಿ ಇವೆರಡರ ನಡುವಿನದು.